ಗೋಡೆಯಾಚೆ ಕೇಳಿದ ಹೆಸರು

ಗುರುವಾರ, ಮಾರ್ಚ್ 16, 2023

ಟಿಕೆಟ್ ಮೊದಲು ತಗೊಂಡೆ, ರಜೆ ಆಮೇಲೆ ಕೇಳಿದೆ. ಮಾರ್ಚ್ 12ರ ರಾತ್ರಿ ಕಂಠೀರವದಲ್ಲಿ ಮುಂಬೈ ಸಿಟಿ ವಿರುದ್ಧದ ಸೆಮಿಫೈನಲ್‌ನ ಎರಡನೇ ಆಟ ಪೆನಾಲ್ಟಿಗೆ ಹೋಗಿ, ಅದೂ 9-8ಕ್ಕೆ ಮುಗಿದು, ಗಂಟಲು ಕಟ್ಟಿಕೊಂಡು ಮನೆಗೆ ಬಂದವನು ಮಲಗೋದಕ್ಕೆ ಮುಂಚೆಯೇ ಯಶವಂತಪುರ-ವಾಸ್ಕೋ ರೈಲಿಗೆ ಬುಕ್ ಮಾಡಿಬಿಟ್ಟೆ. ಬೆಂಗಳೂರು ಎಫ್‌ಸಿ ದೇಶದ ದೊಡ್ಡ ಫುಟ್ಬಾಲ್ ಲೀಗು ಐಎಸ್‌ಎಲ್‌ನ ಫೈನಲ್‌ಗೆ ಬಂದಿದೆ. ಆಟ ಗೋವಾದ ಫತೋರ್ಡಾದಲ್ಲಿ. ವಾಸ್ಕೋದಲ್ಲಿ ನನ್ನ ಸೋದರಮಾವನ ಮನೆ ಇದೆ. ಇನ್ನೇನು ಬೇಕು?

ನಾಲ್ಕು ಜನ ಹೊರಡೋದು ಅಂತಿತ್ತು. ಒಬ್ಬನಿಗೆ ಆಫೀಸು, ಒಬ್ಬನಿಗೆ ಮಗುವಿನ ಹುಟ್ಟುಹಬ್ಬ, ಇನ್ನೊಬ್ಬ ಫೋನೇ ಎತ್ತಲಿಲ್ಲ. ಹಾಗಾಗಿ ನಾನೊಬ್ಬನೇ, ಒಂದು ಬ್ಯಾಗು, ಒಂದು ನೀಲಿ ಜೆರ್ಸಿ. ಹಿಂದೆ 11 ಅಂತ ನಂಬರು, ಮೇಲೆ ನಮ್ಮ ಕ್ಯಾಪ್ಟನ್ ಸುನಿಲ್ ಛೆಟ್ರಿಯ ಹೆಸರು. 2016ರಲ್ಲಿ ತಗೊಂಡಿದ್ದು, ಈಗ ಹೊಟ್ಟೆ ಹತ್ತಿರ ಸ್ವಲ್ಪ ಬಿಗಿ.

ಆ ಜೆರ್ಸಿ ಹಾಕಿಕೊಂಡೇ ರೈಲು ಹತ್ತಿದ್ದು ತಪ್ಪಾಯಿತು ಅಂತ ತುಮಕೂರು ದಾಟೋದರೊಳಗೆ ಗೊತ್ತಾಯಿತು. ಎದುರು ಸೀಟಿನಲ್ಲಿ ಮೂವರು ಮಲಯಾಳಿ ಹುಡುಗರು. ಬೆಂಗಳೂರಲ್ಲೇ ಕೆಲಸ, ಗೋವಾಕ್ಕೆ ಸುಮ್ನೆ ತಿರುಗೋದಕ್ಕೆ ಹೊರಟವರು. ಮೂವರೂ ಕೇರಳ ಬ್ಲಾಸ್ಟರ್ಸ್ ಕಡೆಯವರು. ಅದರಲ್ಲಿ ಕನ್ನಡಕದವನು ನನ್ನ ಬೆನ್ನು ನೋಡಿ, 'ನಿಮ್ಮ ಕ್ಯಾಪ್ಟನ್ ಮೋಸಗಾರ ಬ್ರೋ' ಅಂದ. ಕನ್ನಡದಲ್ಲೇ ಅಂದ, ಅದು ಬೇರೆ.

ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ. ಮಾರ್ಚ್ 3ರಂದು ಕಂಠೀರವದಲ್ಲಿ ಬೆಂಗಳೂರು-ಬ್ಲಾಸ್ಟರ್ಸ್ ನಾಕೌಟ್ ಆಟ. 90 ನಿಮಿಷ ಗೋಲಿಲ್ಲ. ಹೆಚ್ಚುವರಿ ಸಮಯದಲ್ಲಿ, 96ನೇ ನಿಮಿಷ, ನಮಗೆ ಫ್ರೀ ಕಿಕ್ ಸಿಕ್ಕಿತು. ಬ್ಲಾಸ್ಟರ್ಸ್‌ನವರು ಇನ್ನೂ ಗೋಡೆ ಕಟ್ಟೋ, ಅಂದರೆ ಚೆಂಡಿಗೆ ಅಡ್ಡವಾಗಿ ಸಾಲಾಗಿ ನಿಲ್ಲೋ ಗಡಿಬಿಡಿಯಲ್ಲಿದ್ದರು, ಗೋಲ್‌ಕೀಪರ್ ಜಾಗದಲ್ಲಿರಲಿಲ್ಲ. ಛೆಟ್ರಿ ಟಪ್ ಅಂತ ಹೊಡೆದರು, ಗೋಲು. ಬ್ಲಾಸ್ಟರ್ಸ್ ಕೋಚ್ ಇಡೀ ತಂಡವನ್ನು ಮೈದಾನದಿಂದ ಹೊರಗೆ ಕರೆದುಕೊಂಡು ಹೋದರು, ಅವರು ವಾಪಸ್ ಬರಲೇ ಇಲ್ಲ. ನಿಯಮ ಹೀಗಿದೆ: ಸೀಟಿ ಹೊಡೆಯೋವರೆಗೆ ಕಾಯಿ ಅಂತ ರೆಫರಿ ಹೇಳದಿದ್ದರೆ ಫ್ರೀ ಕಿಕ್ ಸಿಕ್ಕವನು ಕೂಡಲೇ ಹೊಡೆಯಬಹುದು. ಎದುರಿನವರ ಗೋಡೆಗೆ ಕಾಯಬೇಕಾಗಿಲ್ಲ. ಈ ಮಾತನ್ನು ನಾನು ಆ ಹುಡುಗನಿಗೆ ತುಮಕೂರಿನಿಂದ ಅರಸೀಕೆರೆವರೆಗೆ ಹೇಳಿದೆ. ಅವನು ಅರಸೀಕೆರೆಯಿಂದ ಬೀರೂರಿನವರೆಗೆ ಒಪ್ಪಲಿಲ್ಲ.

ಊಟ ಬಂತು. ನನ್ನ ಹತ್ತಿರ ಅಮ್ಮ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿ ಇತ್ತು, ಮೂವರಿಗೂ ಕೊಟ್ಟೆ. ಬೆರಳಿಗೆ ಅಂಟಿದ ಚಟ್ನಿ ನೆಕ್ಕುತ್ತಾ ಕನ್ನಡಕದವನು ಇನ್ನೊಂದು ಮಾತು ಹೇಳಿದ: 'ಇಂಡಿಯಾ ಜೆರ್ಸಿ ಹಾಕಿದಾಗ ನಾನೂ ಅವರಿಗೆ ಕೈ ತಟ್ತೀನಿ. ಬೆಂಗಳೂರು ಜೆರ್ಸಿ ಹಾಕಿದ್ರೆ ಬೈತೀನಿ. ಎರಡೂ ನನ್ನ ಹಕ್ಕು.' ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಯಾಕಂದರೆ 2018ರ ಜೂನ್‌ನಲ್ಲಿ ಛೆಟ್ರಿಯೇ ಅಂಥದ್ದನ್ನು ಕೇಳಿಕೊಂಡಿದ್ದರು, ಅಲ್ವಾ? ಮುಂಬೈನ ಅಂಧೇರಿಯಲ್ಲಿ ಭಾರತದ ಆಟ, ಚೈನೀಸ್ ತೈಪೆ ಮೇಲೆ 5-0 ಗೆಲುವು, ನೋಡೋಕೆ ಬಂದಿದ್ದವರು ಎರಡೂವರೆ ಸಾವಿರದಷ್ಟು ಮಂದಿ. ಆಮೇಲೆ ಒಂದು ವಿಡಿಯೊ ಮಾಡಿ, ಬೈಯಿರಿ, ಟೀಕಿಸಿ, ಆದರೆ ಸ್ಟೇಡಿಯಂಗೆ ಬಂದು ಬೈಯಿರಿ ಅಂದರು. ಮುಂದಿನ ಆಟ ಕೀನ್ಯಾ ವಿರುದ್ಧ, ಛೆಟ್ರಿಗೆ ಅದು 100ನೇ ಅಂತರರಾಷ್ಟ್ರೀಯ ಪಂದ್ಯ. ಮುಂಬೈ ಮಳೆ ಹುಯ್ಯುತ್ತಿತ್ತು, ಟಿಕೆಟ್ ಪೂರ್ತಿ ಖಾಲಿ. ಛೆಟ್ರಿ ಎರಡು ಗೋಲು ಹೊಡೆದರು. ನಾನು ಅದನ್ನು ಜಯನಗರದ ಒಂದು ದರ್ಶಿನಿಯಲ್ಲಿ ನಿಂತು, ಫೋನಿನಲ್ಲಿ ನೋಡಿದೆ, ಕಾಫಿ ಆರಿ ತಣ್ಣಗಾಗಿತ್ತು.

ಹುಬ್ಬಳ್ಳಿ ಬಂದದ್ದು ನೆನಪಿಲ್ಲ. ನಿದ್ದೆ.

ಶುಕ್ರವಾರ, ಮಾರ್ಚ್ 17

ಲೋಂಡಾ ಆದಮೇಲೆ ಎಚ್ಚರವಾಯಿತು. ಕ್ಯಾಸಲ್‌ರಾಕ್‌ನಲ್ಲಿ ಗಾಡಿ ತುಂಬಾ ಹೊತ್ತು ನಿಂತಿತು. ಆಮೇಲೆ ಘಟ್ಟ, ಸುರಂಗ, ಸುರಂಗ, ಮತ್ತೆ ಸುರಂಗ. ದೂಧಸಾಗರದಲ್ಲಿ ಮಾರ್ಚ್‌ನಲ್ಲಿ ಹಾಲೂ ಇಲ್ಲ, ಸಾಗರವೂ ಇಲ್ಲ, ಬಂಡೆ ಮೇಲೆ ಒಂದು ತೆಳ್ಳನೆ ಗೀಟು. ಆದರೂ ಬಾಗಿಲ ಹತ್ತಿರ ಜನ ಫೋನ್ ಹಿಡಕೊಂಡು ನಿಂತಿದ್ದರು. ಮಲಯಾಳಿ ಹುಡುಗರು ಮಡಗಾಂವ್‌ನಲ್ಲಿ ಇಳಿದರು. ಇಳಿಯುವಾಗ ಕನ್ನಡಕದವನು 'ಸೋಲಲಿ ನಿಮ್ಮ ಟೀಮು' ಅಂತ ನಗುತ್ತಾ ಹಾರೈಸಿ ಹೋದ.

ವಾಸ್ಕೋ ಸ್ಟೇಷನ್‌ಗೆ ಮಾಮಾ ಬಂದಿದ್ದರು, ಹಳೇ ಆಕ್ಟಿವಾ ತಗೊಂಡು. ಮಾಮಾ ಅಂದರೆ ನಮ್ಮ ಅಮ್ಮನ ಅಣ್ಣ, ಗದಗ ಕಡೆಯವರು. 1983ರಲ್ಲಿ ಹತ್ತೊಂಬತ್ತು ವರ್ಷದವರಾಗಿ ಮುರಗಾಂವ್ ಬಂದರಿಗೆ ಅದಿರು ತುಂಬೋ ಕೆಲಸಕ್ಕೆ ಬಂದವರು ಇಲ್ಲೇ ಉಳಿದರು. ವಾಸ್ಕೋದಲ್ಲಿ ನಮ್ಮವರು ಜಾಸ್ತಿ. ಮಾರ್ಕೆಟ್ಟಿನಲ್ಲಿ ಹತ್ತು ಹೆಜ್ಜೆ ಹಾಕಿದರೆ ಮೂರು ಕಡೆ ಉತ್ತರ ಕರ್ನಾಟಕದ ಕನ್ನಡ ಕೇಳುತ್ತದೆ, ವಿಜಯಪುರದ್ದು, ಬಾಗಲಕೋಟೆಯದ್ದು, ಕೊಪ್ಪಳದ್ದು. ತರಕಾರಿ ಮಾರುವ ಹೆಂಗಸು ಗಿರಾಕಿ ಹತ್ತಿರ ಕೊಂಕಣಿ, ಮಗನ ಹತ್ತಿರ ಕನ್ನಡ, ಪೊಲೀಸ್ ಹತ್ತಿರ ಹಿಂದಿ.

'ಏನಲೇ ತಮ್ಮಾ, ಬೆನ್ನಮ್ಯಾಲ ಯಾರ ಹೆಸರು ಹೊತಗೊಂಡು ಬಂದೀ?' ಅಂದರು ಮಾಮಾ, ಗಾಡಿ ಸ್ಟಾರ್ಟ್ ಮಾಡುತ್ತಾ.

'ಛೆಟ್ರಿ, ಮಾಮಾ.'

'ಹೂಂ. ಹತ್ತು.'

ಮಾಮಾ ಗೋಲ್‌ಕೀಪರ್. ಈಗಲ್ಲ, ಆಗ. ಬಂದರಿನ ಕೂಲಿಯವರ ತಂಡಕ್ಕೆ, ಆಮೇಲೆ ವಾರ್ಡಿನ ತಂಡಕ್ಕೆ, ಎಂಟು ವರ್ಷ ಗೋಲಿನಲ್ಲಿ ನಿಂತವರು. ಎಡಗೈ ಕಿರುಬೆರಳು ಇವತ್ತಿಗೂ ಸೊಟ್ಟ. ಚಹಾ ಕಪ್ಪು ಹಿಡಿದಾಗ ಅದೊಂದು ಬೆರಳು ಬೇರೆ ದಿಕ್ಕಿಗೆ ನೋಡುತ್ತಿರುತ್ತದೆ.

ಅತ್ತಿ ಬೆಳಗ್ಗೆಯೇ ಪಾವ್, ಪಾತಳ ಭಾಜಿ ಮಾಡಿಟ್ಟಿದ್ದರು. ಮಧ್ಯಾಹ್ನ ಬಂಗಡೆ ಸಾರು, ರವೆ ಹಚ್ಚಿ ಹುರಿದ ಮೀನು, ಸೋಲ್‌ಕಡಿ. ತಿನ್ನುತ್ತಾ ಸುಮ್ನೆ ಅಂದೆ, ಛೆಟ್ರಿ ಮೀನು ತಿನ್ನಲ್ಲ, ಮಾಂಸ ತಿನ್ನಲ್ಲ, ಹಾಲು ಮೊಸರನ್ನೂ ಬಿಟ್ಟಿದ್ದಾರೆ ಅಂತ. ಅತ್ತಿಗೆ ನಿಜವಾಗಲೂ ಬೇಜಾರಾಯಿತು. 'ಗೋವಾದಾಗ ಇದ್ದಾಗೂ ತಿಂದಿಲ್ಲೇನ ಪಾಪ?' ಅಂದರು. ಆಗ ತಿಂತಿದ್ದರು ಅತ್ತಿ, ಬಿಟ್ಟಿದ್ದು ಆಮೇಲೆ ಅಂತ ಸಮಾಧಾನ ಮಾಡಿದೆ. ಅವರು ಗೋವಾದಲ್ಲಿ ಎರಡು ಸಲ ಆಡಿದ್ದಾರೆ. 2009-10ರಲ್ಲಿ ಡೆಂಪೊಗೆ, ಆ ಸಲ ಡೆಂಪೊ ಆಗಿನ ದೊಡ್ಡ ಲೀಗು ಐ-ಲೀಗ್ ಗೆದ್ದಿತು. 2013ರ ಶುರುವಿನಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್ಬಿನಿಂದ ಸಾಲವಾಗಿ ಚರ್ಚಿಲ್ ಬ್ರದರ್ಸ್‌ಗೆ ಬಂದರು, ಆ ಸಲ ಚರ್ಚಿಲ್ ಗೆದ್ದಿತು.

ನಿಮ್ಮ ಊರು ಯಾವುದು ಅಂತ ಛೆಟ್ರಿಯನ್ನು ಕೇಳಿದರೆ ಅವರು ಏನು ಹೇಳಬಹುದೋ! ಹುಟ್ಟಿದ್ದು 1984ರ ಆಗಸ್ಟ್ 3, ಸಿಕಂದರಾಬಾದಿನಲ್ಲಿ. ಅಪ್ಪ ಸೈನ್ಯದಲ್ಲಿ, ಹಾಗಾಗಿ ಊರೂರು. ಅಮ್ಮ ನೇಪಾಳದ ಮಹಿಳಾ ತಂಡಕ್ಕೆ ಫುಟ್ಬಾಲ್ ಆಡಿದವರು. 2002ರಲ್ಲಿ ಕೋಲ್ಕತ್ತಾದ ಮೋಹನ್ ಬಾಗಾನ್, ಆಮೇಲೆ ಪಂಜಾಬಿನ ಜೆಸಿಟಿ, ಈಸ್ಟ್ ಬೆಂಗಾಲ್, ಡೆಂಪೊ, ಅಮೆರಿಕದ ಕನ್ಸಾಸ್ ಸಿಟಿ, ಮತ್ತೆ ಕೋಲ್ಕತ್ತಾ, ಪೋರ್ಚುಗಲ್, ಚರ್ಚಿಲ್. 2013ರಲ್ಲಿ ಬೆಂಗಳೂರಿಗೆ ಬಂದವರು ನೆಲೆ ನಿಂತರು. ಎತ್ತರ ಐದಡಿ ಏಳಿಂಚು. ನಾನು ಅವರಿಗಿಂತ ಎರಡಿಂಚು ಉದ್ದ, ಪ್ರಯೋಜನ ಏನೂ ಆಗಿಲ್ಲ.

ಇದನ್ನೆಲ್ಲ ಮಾಮಾಗೆ ಒಪ್ಪಿಸಿದೆ. 84 ಅಂತರರಾಷ್ಟ್ರೀಯ ಗೋಲು, ಈಗ ಆಡುತ್ತಿರುವವರಲ್ಲಿ ರೊನಾಲ್ಡೊ, ಮೆಸ್ಸಿ ಬಿಟ್ಟರೆ ಇವರೇ ಅಂದೆ. 2011ರಲ್ಲಿ ಅರ್ಜುನ, 2019ರಲ್ಲಿ ಪದ್ಮಶ್ರೀ, 2021ರಲ್ಲಿ ಖೇಲ್ ರತ್ನ ಅಂದೆ. ಮಾಮಾ ಬಂಗಡೆಯ ಮುಳ್ಳು ಬಿಡಿಸುತ್ತಾ ಕೇಳಿಸಿಕೊಂಡರು.

'ಇದು ಪೇಪರಿನ್ಯಾಗ ಬರತೈತಿ. ಅವನ ಕೂಡ ಆಡಿದವರು ಏನಂತಾರ, ಅದನ್ನ ಹೇಳು.'

ಅದಕ್ಕೂ ನನ್ನ ಹತ್ತಿರ ಉತ್ತರ ಇತ್ತು, ಅಥವಾ ಇದೆ ಅಂದುಕೊಂಡಿದ್ದೆ. 2006ರಲ್ಲಿ ಶುರುವಾದ ಆಟಗಾರರದ್ದೇ ಒಂದು ಸಂಘವಿದೆ, ಭಾರತದ ಹಳೇ ಕ್ಯಾಪ್ಟನ್ ಭೈಚುಂಗ್ ಭುಟಿಯಾ ಮುಂದೆ ನಿಂತು ಕಟ್ಟಿದ್ದು. ಆ ಸಂಘ ಕೊಡುವ ಪ್ರಶಸ್ತಿಗೆ ಆಟಗಾರರೇ ವೋಟು ಹಾಕುತ್ತಾರೆ. 2009ರಲ್ಲಿ ಅದು ಛೆಟ್ರಿಗೆ ಬಂತು, 2018ರಲ್ಲಿ ಬಂತು, 2019ರಲ್ಲೂ ಬಂತು. ಹತ್ತು ವರ್ಷದಲ್ಲಿ ವೋಟು ಹಾಕುವವರು ಬಹುಪಾಲು ಬದಲಾಗಿರುತ್ತಾರೆ, ಹೆಸರು ಬದಲಾಗಲಿಲ್ಲ. ಹೇಳಿ ಮುಗಿಸಿ ಮಾಮಾ ಮುಖ ನೋಡಿದೆ.

'ವೋಟು ನಾವೂ ಹಾಕ್ತೀವಿ, ಯಾರ್ಯಾರಿಗೋ' ಅಂದರು.

ಸಂಜೆ ನಾಲ್ಕಕ್ಕೆ ಟಿಳಕ್ ಮೈದಾನದ ಕಡೆ ಹೊರಟೆವು. ವಾಸ್ಕೋ ಪೇಟೆ ನಡುವೆಯೇ ಇದೆ ಈ ಸ್ಟೇಡಿಯಂ, ಸುತ್ತ ಅಂಗಡಿ, ಮನೆ, ಬೈಕುಗಳು. ಕೋವಿಡ್ ಕಾಲದಲ್ಲಿ, 2020-21ರಲ್ಲಿ, ಇಡೀ ಐಎಸ್‌ಎಲ್ ಗೋವಾದಲ್ಲೇ ನಡೆಯಿತು, ಮೂರೇ ಮೈದಾನ: ಫತೋರ್ಡಾ, ಬಾಂಬೋಳಿ, ಟಿಳಕ್. ಪ್ರೇಕ್ಷಕರಿಗೆ ಪ್ರವೇಶವಿಲ್ಲ. ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿ ದೇಶದ ದೊಡ್ಡ ಲೀಗು ನಡೀತಿದೆ, ಮಾಮಾ ಒಳಗೆ ಹೋಗೋ ಹಾಗಿಲ್ಲ. ದಿನಾ ಸಂಜೆ ಮಾಸ್ಕ್ ಹಾಕಿಕೊಂಡು ಗೋಡೆ ಹೊರಗೆ ನಿಲ್ಲುತ್ತಿದ್ದರಂತೆ. ಮೇಲೆ ದೀಪದ ಬೆಳಕು, ಒಳಗಿಂದ ಚೆಂಡು ಒದೆಯೋ ಸದ್ದು. ಜನ ಇಲ್ಲದ್ದರಿಂದ ಆಟಗಾರರ ಮಾತೆಲ್ಲ ಹೊರಗೆ ಕೇಳೋದು.

'ಒಂದಿನ ನಿಮ್ಮ ಬೆಂಗಳೂರಿಂದು ಆಟ ಇತ್ತು' ಅಂದರು ಮಾಮಾ. ಗೋಡೆಗೆ ಕೈ ಇಟ್ಟು ನಿಂತಿದ್ದರು, ಸೊಟ್ಟ ಬೆರಳು ಸುಣ್ಣ ಕೆರೆಯುತ್ತಿತ್ತು. 'ಛೆಟ್ರಿ ಭಾಯ್, ಛೆಟ್ರಿ ಭಾಯ್ ಅಂತ ಒದರಾಕ ಹತ್ತಿದ್ರು. ಚೆಂಡು ಬೇಕಾದ್ರೂ ಛೆಟ್ರಿ ಭಾಯ್, ಫೌಲ್ ಆದ್ರೂ ಛೆಟ್ರಿ ಭಾಯ್. ನಮ್ಮ ಟೀಮಿನವರು ಒದರೋದು ಬ್ಯಾರೆ. ನಾ ಕೇಳಿದ್ದು ಎದುರಿನ ಟೀಮಿನ ಹುಡುಗರೂ ರೆಫರಿ ಮುಂದ ಜಗಳಾ ಆಡುವಾಗ, ಅವನಿಗೇ ಹೇಳತಿದ್ರು, ಛೆಟ್ರಿ ಭಾಯ್ ನೀವ ನೋಡೀರಲ್ಲ, ನೀವ ಹೇಳ್ರಿ ಅಂತ. ಗ್ವಾಡಿ ಆ ಕಡೆ ಯಾರದಾರ ಕಾಣೂದಿಲ್ಲ. ಖರೇ ಧ್ವನಿ ಗೊತ್ತಾಗತೈತಿ.'

ನಾನು ಎಂಟು ವರ್ಷದಿಂದ ಕಂಠೀರವದ ವೆಸ್ಟ್ ಬ್ಲಾಕ್‌ನಲ್ಲಿ ನಿಂತು ಕೂಗಿದವನು. ಅಷ್ಟು ಗದ್ದಲದಲ್ಲಿ ಮೈದಾನದೊಳಗಿನ ಒಂದು ಮಾತೂ ನನಗೆ ಕೇಳಿಸಿರಲಿಲ್ಲ. ಹೊಟ್ಟೆಕಿಚ್ಚಾಯಿತು, ನಿಜ ಹೇಳ್ತೀನಿ.

ಅಲ್ಲಿಂದ ಚಹಾ ಅಂಗಡಿ. ಮಾಮಾ ತಮ್ಮ ದೇವರ ಕಥೆ ಶುರು ಮಾಡಿದರು. ದೇವರು ಅಂದರೆ ಬ್ರಹ್ಮಾನಂದ ಶಂಖವಾಳ್ಕರ್. ತಾಳಗಾಂವ್‌ನವರು, ಸಾಲ್ಗಾಂವ್ಕರ್ ತಂಡದ ಗೋಲ್‌ಕೀಪರ್, ಎಂಬತ್ತರ ದಶಕದಲ್ಲಿ ಭಾರತದ ಕ್ಯಾಪ್ಟನ್. ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿಯಲ್ಲಿ, 1983-84ರಲ್ಲಿ, ಗೋವಾ ಒಂದೇ ಒಂದು ಗೋಲು ಬಿಟ್ಟುಕೊಡದೆ ಕಪ್ ಗೆದ್ದಿತು, ಮದ್ರಾಸಿನ ಫೈನಲ್‌ನಲ್ಲಿ ಪಂಜಾಬ್ ಮೇಲೆ 1-0. ಮಾಮಾ ಆಗಷ್ಟೇ ಗೋವಾಕ್ಕೆ ಬಂದಿದ್ದವರು. ರೇಡಿಯೊ ಮುಂದೆ ಕೂತು, ಭಾಷೆ ಅರ್ಧ ತಿಳಿಯದೆ, ಎಲ್ಲರೂ ಎದ್ದು ಕುಣಿದಾಗ ತಾನೂ ಕುಣಿದೆ ಅಂತಾರೆ. ಅರ್ಜುನ ಪ್ರಶಸ್ತಿ ಬ್ರಹ್ಮಾನಂದ ಅವರಿಗೆ ಬಂದಿದ್ದು 1997ರಲ್ಲಿ, ಪದ್ಮಶ್ರೀ 2022ರಲ್ಲಿ. ಆಟ ನಿಲ್ಲಿಸಿ ಎಷ್ಟೋ ವರ್ಷವಾದ ಮೇಲೆ. ಮಾಮಾಗೆ ಅದರ ಮೇಲೆ ಸಿಟ್ಟಿದೆ, ಆದರೆ ಆಮೇಲೆ ಹೇಳಿದ್ದು ಬೇರೆ.

'ಸರಕಾರದಾಗಿನವರಿಗೆ ತಡಾ ಆಗಿ ಗೊತ್ತಾತು. ಫಾರ್ವರ್ಡ್ ಆಡೋರಿಗೆ ಅವತ್ತ ಗೊತ್ತಿತ್ತು. ನಾ ಗೋಲಿನ್ಯಾಗ ನಿಂತಾಂವ, ನನಗ ಎದುರಿನವರ ಮಾರಿ ಕಾಣತೈತಿ. ಗೋಲಿನ್ಯಾಗ ಬ್ರಹ್ಮಾನಂದ ನಿಂತಾನಂದ್ರ ಓಡಿ ಬರೋರ ಮಾರಿ ಬ್ಯಾರೇನ ಇರತಿತ್ತು.'

ಪಕ್ಕದ ಬೆಂಚಿನಲ್ಲಿ ಕೂತಿದ್ದ ಒಬ್ಬರು ನನ್ನ ಜೆರ್ಸಿ ನೋಡಿ ಮಾತಿಗೆ ಬಂದರು. ನಲವತ್ತು ದಾಟಿರಬಹುದು, ಗೋವಾದ ಕೆಳಗಿನ ಡಿವಿಜನ್ನಿನಲ್ಲಿ ಸ್ಟಾಪರ್, ಅಂದರೆ ಗೋಲಿನ ಮುಂದೆ ನಿಂತು ತಡೆಯೋ ಡಿಫೆಂಡರ್, ಆಡಿದವರಂತೆ. ಒಂದು ಅಭ್ಯಾಸದ ಆಟದಲ್ಲಿ ಛೆಟ್ರಿಯನ್ನು ಕಾಯೋ ಕೆಲಸ ಇವರದ್ದಾಗಿತ್ತಂತೆ. ಹಿಂದಿಯಲ್ಲಿ ಹೇಳಿದರು: ನಾನು ಆರಡಿ, ಅವನು ನನ್ನ ಭುಜಕ್ಕೆ ಬರ್ತಾನೆ, ತಲೆ ಚೆಂಡು ನನ್ನದೇ ಅಂದುಕೊಂಡೆ. ಚೆಂಡು ಬರೋ ಹೊತ್ತಿಗೆ ಅವನು ನಾನು ನೋಡಿದ ಜಾಗದಲ್ಲಿ ಇರಲೇ ಇಲ್ಲ. ಹಿಂದಿಂದ ಬಂದು, ನನಗಿಂತ ಮೊದಲೇ ಹಾರಿ, ಗಾಳಿಯಲ್ಲಿ ಕೂತಿದ್ದ. 'ಹಾರಿದ್ದಲ್ಲ, ಕೂತಿದ್ದ' ಅಂತ ಎರಡು ಸಲ ಹೇಳಿದರು. ಡೆಂಪೊದಲ್ಲಿ ಆಗ ಯಾರ್ಯಾರಿದ್ದರು ಅಂತ ಬೆರಳು ಮಡಿಸಿದರು: ಮಹೇಶ್ ಗಾವಳಿ, ಸಮೀರ್ ನಾಯ್ಕ್, ಕ್ಲೈಮ್ಯಾಕ್ಸ್ ಲಾರೆನ್ಸ್, ಕ್ಲಿಫರ್ಡ್ ಮಿರಾಂಡ, ರಾಂಟಿ ಮಾರ್ಟಿನ್ಸ್. ಗೋವಾದವರೇ ತುಂಬಿದ್ದ ಕೋಣೆಗೆ ಹೊರಗಿನವನೊಬ್ಬ ಬಂದು ಹೊಂದಿಕೊಳ್ಳೋದು ಸುಲಭ ಅಲ್ಲ ಅಂದರು. ಆಮೇಲೆ ಮಾಮಾ ಕಡೆ ನೋಡಿ ನಕ್ಕರು. ಇಬ್ಬರಿಗೂ ಏನೋ ಗೊತ್ತಿತ್ತು.

ರಾತ್ರಿ ಮಾಮಾ ಹೇಳಿದರು. ಘಟ್ಟದ ಮೇಲಿಂದ ಬಂದವರನ್ನು ಇಲ್ಲಿ ಘಾಂಟಿ ಅಂತಾರೆ, ಬೈಗುಳದ ಹಾಗೆ. ವಾರ್ಡ್ ತಂಡದಲ್ಲಿ ಮೊದಲ ವರ್ಷ ಅವರ ಹೆಸರು ಅದೇ. ಘಾಂಟಿ ನೀರು ತಾ, ಘಾಂಟಿ ಚೆಂಡು ತಾ. ಕೀಪರ್‌ಗೆ ಜ್ವರ ಬಂದ ದಿನ ಬೇರೆ ಗತಿ ಇಲ್ಲದೆ ಗೋಲಿನಲ್ಲಿ ನಿಲ್ಲಿಸಿದರು. ಆ ದಿನವೇ ಬೆರಳು ಮುರಿದಿದ್ದು, ಆ ದಿನವೇ ಪೆನಾಲ್ಟಿ ಹಿಡಿದಿದ್ದು. ಮರುದಿನದಿಂದ ಹೆಸರು ಬದಲಾಯಿತು. 'ಗದಗ್ ಅಂತ ಕರಿಯಾಕ ಚಾಲೂ ಮಾಡಿದ್ರು' ಅಂದರು. ಸ್ವಂತ ಹೆಸರು ಕೊನೇವರೆಗೂ ಯಾರೂ ಕೇಳಲಿಲ್ಲವಂತೆ. ಹೇಳುವಾಗ ಬೇಸರ ಏನೂ ಇರಲಿಲ್ಲ ಅವರ ದನಿಯಲ್ಲಿ.

ಶನಿವಾರ, ಮಾರ್ಚ್ 18

ಬಿಸಿಲು. ಬೆವರು. ಮಧ್ಯಾಹ್ನವೇ ಮಡಗಾಂವ್ ಬಸ್ ಹತ್ತಿದೆವು. ಎರಡು ಟಿಕೆಟ್ ತಗೊಂಡಿದ್ದೆ, ಮಾಮಾ ಮೊದಲು ಬೇಡ ಅಂದವರು ಬೆಳಗ್ಗೆ ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.

ಫತೋರ್ಡಾ ಸ್ಟೇಡಿಯಂ ಮಾಮಾಗೆ ಹಳೇ ಗೆಳೆಯ. 1989ರಲ್ಲಿ ಕಟ್ಟಿದ್ದು, ಅದೇ ವರ್ಷ ಇಲ್ಲಿ ನೆಹರೂ ಕಪ್ ನಡೆಯಿತು, ಹಂಗೆರಿ ಗೆದ್ದಿತು, ಮಾಮಾ ಎರಡು ದಿನದ ಕೂಲಿ ಬಿಟ್ಟು ಬಂದಿದ್ದರು. ಈಗ ಗೇಟಿನಲ್ಲಿ ಫೋನ್ ಸ್ಕ್ಯಾನ್ ಮಾಡಬೇಕು. ನನ್ನ ಟಿಕೆಟ್ ಸ್ಕ್ಯಾನ್ ಆಯಿತು, ಮಾಮಾದ್ದು ಆಗಲಿಲ್ಲ. ಹುಡುಗ ಆ ಗೇಟ್ ಅಂದ, ಆ ಗೇಟಿನವನು ಈ ಗೇಟ್ ಅಂದ. ಮುಕ್ಕಾಲು ಗಂಟೆ ಅಲೆದು ಕೊನೆಗೆ ಮೊದಲನೇ ಗೇಟಿನಲ್ಲೇ ಸ್ಕ್ಯಾನ್ ಆಯಿತು. ಏನು ಬದಲಾಗಿತ್ತೋ ದೇವರಿಗೇ ಗೊತ್ತು.

ಹಸಿರು-ಮೆರೂನ್ ಜಾಸ್ತಿ, ನೀಲಿ ಕಮ್ಮಿ. ಎದುರಾಳಿ ಎಟಿಕೆ ಮೋಹನ್ ಬಾಗಾನ್. ಛೆಟ್ರಿ ಹದಿಹರೆಯದಲ್ಲಿ ಶುರು ಮಾಡಿದ ಕ್ಲಬ್ಬು. ಅಷ್ಟೇ ಅಲ್ಲ, ಅಲ್ಲಿ ಅವರಿಗೆ ಕೋಚ್ ಆಗಿದ್ದ ಸುಬ್ರತಾ ಭಟ್ಟಾಚಾರ್ಯ ಈಗ ಮಾವ. 2017ರಲ್ಲಿ ಅವರ ಮಗಳನ್ನೇ ಮದುವೆಯಾದರು. ಗೋವಾದವರು ಯಾರ ಕಡೆ ಅಂತ ನೋಡಿದರೆ, ಬಾಗಾನ್‌ನಲ್ಲಿ ಲಿಸ್ಟನ್ ಕೊಲಾಸೊ ಇದ್ದಾನೆ, ಇಲ್ಲೇ ಮಡಗಾಂವ್ ಕಡೆಯ ಹುಡುಗ. ಅವನ ಹೆಸರು ಹೇಳಿದಾಗೆಲ್ಲ ಸ್ಟ್ಯಾಂಡು ಎದ್ದು ನಿಲ್ಲುತ್ತಿತ್ತು.

ನಮ್ಮ ಹನ್ನೊಂದರಲ್ಲಿ ಛೆಟ್ರಿ ಇಲ್ಲ. ಇದು ನನಗೆ ಹೊಸದಲ್ಲ. ಆ ಸೀಸನ್ನಿನಲ್ಲಿ ಎಷ್ಟೋ ಸಲ ಅವರು ಬೆಂಚಿನಿಂದಲೇ ಬಂದಿದ್ದು. ಮುಂದೆ ಶಿವಶಕ್ತಿ ಆಡುತ್ತಿದ್ದ, ಇಪ್ಪತ್ತೊಂದು ವರ್ಷದ ತಮಿಳು ಹುಡುಗ, ಅವನ ಜೊತೆ ಫಿಜಿ ದೇಶದ ರಾಯ್ ಕೃಷ್ಣ. ತಂಡ ಲೀಗಿನ ಕೊನೆಯ ಎಂಟು ಆಟ ಸಾಲಾಗಿ ಗೆದ್ದಿದ್ದು ಹೀಗೇ. 38 ವರ್ಷದ ಕ್ಯಾಪ್ಟನ್ ಹೊರಗೆ ಕೂತು, ಕೊನೆಯ ಅರ್ಧ ಗಂಟೆಗೆ ಬಂದು ಗೋಲು ಹೊಡೆಯೋದು. ಸೆಮಿಫೈನಲ್‌ನ ಮೊದಲ ಆಟ, ಮುಂಬೈನಲ್ಲಿ, ಹಾಗೆಯೇ ಬಂದು 78ನೇ ನಿಮಿಷಕ್ಕೆ ಹೊಡೆದು ಗೆಲ್ಲಿಸಿದ್ದರು. ನಮ್ಮ ಗುಂಪಿನಲ್ಲಿ ಇದರ ಮೇಲೆ ದೊಡ್ಡ ದೊಡ್ಡ ಜಗಳ ಆಗಿವೆ. ಮಾಮಾಗೆ ಹೇಳಿದೆ.

'ಕುಂತಾಂವ ಹೆಂಗ ಕುಂತಾನ ಅನ್ನೂದ್ರ ಮ್ಯಾಲ ಐತಿ' ಅಂದರು. 'ಮಾರಿ ಗಂಟ ಹಾಕ್ಕೊಂಡು ಕುಂತ್ರ ಆಡೋ ಹುಡುಗನ ಕಾಲು ನಡಗತಾವ.'

ಆಟ ಶುರುವಾಗಿ ನಾಲ್ಕು ನಿಮಿಷ ಆಗಿಲ್ಲ, ಶಿವಶಕ್ತಿ ಗಾಯವಾಗಿ ನೆಲಕ್ಕೆ. ಛೆಟ್ರಿ ಒಳಗೆ ಬಂದರು. ನಾನು ಕಿರುಚಿದೆ, ಆ ಹುಡುಗನ ಬಗ್ಗೆ ನೆನಪಾಗಿದ್ದು ಆಮೇಲೆ. ಇದು ನನ್ನ ತಪ್ಪು, ಒಪ್ಪಿಕೊಳ್ತೀನಿ. ಮಾಮಾ ಮಾತ್ರ ಹೊರಗೆ ಹೋಗ್ತಿದ್ದವನಿಗೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು.

14ನೇ ನಿಮಿಷಕ್ಕೆ ರಾಯ್ ಕೃಷ್ಣ ಕೈಗೆ ಚೆಂಡು ತಗುಲಿ ಪೆನಾಲ್ಟಿ, ಬಾಗಾನ್‌ನ ಪೆಟ್ರಾಟೋಸ್ ಹೊಡೆದ, 0-1. ವಿರಾಮಕ್ಕೆ ಇನ್ನೇನು ಹೋಗಬೇಕು, ನಮಗೆ ಪೆನಾಲ್ಟಿ. ಯಾರು ಹೊಡೀತಾರೆ ಅನ್ನೋದರಲ್ಲಿ ನಮ್ಮ ಸ್ಟ್ಯಾಂಡಿನಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಛೆಟ್ರಿ ಹೊಡೆದರು, 1-1. 78ಕ್ಕೆ ಕಾರ್ನರ್‌ನಿಂದ ರಾಯ್ ಕೃಷ್ಣ ತಲೆ ಕೊಟ್ಟ, 2-1. ಗೆದ್ದೇಬಿಟ್ಟೆವು ಅಂತ ಅಪ್ಪಿಕೊಂಡೆವು, ನಾನು ಯಾರನ್ನು ಅಪ್ಪಿಕೊಂಡೆನೋ ಇವತ್ತಿಗೂ ಗೊತ್ತಿಲ್ಲ, ಅವರ ಮೈಯೆಲ್ಲ ಬೆವರು. 85ಕ್ಕೆ ಮತ್ತೆ ಬಾಗಾನ್‌ಗೆ ಪೆನಾಲ್ಟಿ, ಮತ್ತೆ ಪೆಟ್ರಾಟೋಸ್, 2-2. ಹೆಚ್ಚುವರಿ ಅರ್ಧ ಗಂಟೆ, ಏನೂ ಇಲ್ಲ. ಪೆನಾಲ್ಟಿ ಸರದಿ.

ಮಾಮಾ ಅಷ್ಟು ಹೊತ್ತು ಸುಮ್ಮನಿದ್ದವರು ಈಗ ಎದ್ದು ನಿಂತರು. ಗೋಲ್‌ಕೀಪರ್ ಅಲ್ವಾ. ಬಾಗಾನ್‌ನ ವಿಶಾಲ್ ಕೈತ್ ಗೋಲಿನಲ್ಲಿ ಅತ್ತಿತ್ತ ಸರಿಯೋದನ್ನು ನೋಡುತ್ತಾ ತಾವೂ ಸೀಟಿನ ಸಾಲಿನಲ್ಲಿ ಅರ್ಧರ್ಧ ಹೆಜ್ಜೆ ಸರಿಯುತ್ತಿದ್ದರು, ಎರಡೂ ಕೈ ಸ್ವಲ್ಪ ಮುಂದೆ, ಸೊಟ್ಟ ಬೆರಳು ಹೊರಗೆ. ಬ್ರೂನೊ ರಮೀರೆಸ್ ಹೊಡೆದದ್ದನ್ನು ಕೈತ್ ತಡೆದ. ನಮ್ಮ ಕ್ಯಾಪ್ಟನ್ ಹೊಡೆದದ್ದು ಒಳಗೆ ಹೋಯಿತು. ಕೊನೆಗೆ ಪಾಬ್ಲೊ ಪೆರೆಜ್ ಬಂದ, ಚೆಂಡು ಮೇಲಿಂದ ಹೋಯಿತು. 4-3. ಮುಗೀತು.

ನಾನು ಸೀಟಿನಲ್ಲಿ ತಲೆ ತಗ್ಗಿಸಿ ಕೂತೆ. ಟವೆಲ್‌ನಲ್ಲಿ ಮುಖ ಮುಚ್ಚಿಕೊಂಡೆ. ಸುತ್ತ ಹಸಿರು-ಮೆರೂನ್ ಕುಣಿತ, ಮುಂದಿನ ಸೀಸನ್ನಿನಿಂದ ಹೆಸರಲ್ಲಿ ಎಟಿಕೆ ಇರಲ್ಲ, ಮೋಹನ್ ಬಾಗಾನ್ ಸೂಪರ್ ಜೈಂಟ್ ಆಗುತ್ತೆ ಅಂತ ಅವರ ಯಜಮಾನರು ಅಲ್ಲೇ ಹೇಳಿದ್ದರಿಂದ ಗದ್ದಲ ಎರಡರಷ್ಟಾಯಿತು. ಮಾಮಾ ಕೂರಲಿಲ್ಲ. ಮೈದಾನದ ಕಡೆಯೇ ನೋಡುತ್ತಾ ನಿಂತಿದ್ದರು, ಎಷ್ಟೋ ಹೊತ್ತು.

ವಾಪಸ್ ಹೋಗೋಕೆ ಒಂದು ವ್ಯಾನಿನವನಿಗೆ ಮಧ್ಯಾಹ್ನವೇ ದುಡ್ಡು ಕೊಟ್ಟಿದ್ದೆವು. ಆಟ ಉದ್ದವಾಗಿದ್ದಕ್ಕೆ ಅವನು ಕಾಯದೆ ಹೋಗಿಬಿಟ್ಟಿದ್ದ, ಫೋನ್ ಸ್ವಿಚ್ ಆಫ್. ಬಸ್ಸಿಲ್ಲ. ಕೊನೆಗೆ ಇಬ್ಬರು ಪೈಲಟ್‌ಗಳು ಸಿಕ್ಕರು. ವಿಮಾನದವರಲ್ಲ, ಗೋವಾದಲ್ಲಿ ಬಾಡಿಗೆ ಬೈಕ್ ಓಡಿಸೋರಿಗೆ ಪೈಲಟ್ ಅಂತಾರೆ. ಒಂದೊಂದು ಬೈಕಿನಲ್ಲಿ ಒಬ್ಬೊಬ್ಬರು, ಕೇಳಿದಷ್ಟು ಕೊಟ್ಟು, ಮನೆ ಸೇರಿದಾಗ ಒಂದು ಗಂಟೆ. ಅತ್ತಿ ಗಂಜಿ ಮಾಡಿಟ್ಟಿದ್ದರು. ಯಾರೂ ಮಾತಾಡಲಿಲ್ಲ.

ಭಾನುವಾರ, ಮಾರ್ಚ್ 19

ತಡವಾಗಿ ಎದ್ದೆ. ರೈಲು ರಾತ್ರಿಗೆ. ಮನೆಯಲ್ಲಿ ಕೂತರೆ ಆಟವೇ ತಲೆಯಲ್ಲಿ ಸುತ್ತುತ್ತೆ ಅಂತ ಮಾಮಾ ಆಕ್ಟಿವಾ ತೆಗೆದು, 'ನಡಿ, ನಿಮ್ಮ ರೊನಾಲ್ಡೊನ್ನ ತೋರಸ್ತೀನಿ' ಅಂದರು.

ಕುಠ್ಠಾಳಿ ದಾಟಿ ಜುವಾರಿ ನದಿ ಮೇಲೆ ಹೊಸ ಸೇತುವೆ, ಮೂರು ತಿಂಗಳ ಹಿಂದಷ್ಟೇ ಒಂದು ಬದಿ ತೆರೆದಿತ್ತು. ಮಾಮಾ ಅದರ ಮೇಲೆ ಬೇಕಂತಲೇ ನಿಧಾನ ಓಡಿಸಿದರು. ಪಣಜಿ ದಾಟಿ ಕಲಂಗೂಟ್. ಒಂದು ಪಾರ್ಕಿನಲ್ಲಿ ಕ್ರಿಸ್ಟಿಯಾನೊ ರೊನಾಲ್ಡೊ ಪ್ರತಿಮೆ, ಕಾಲಿನಲ್ಲಿ ಚೆಂಡು. 410 ಕೆಜಿ ತೂಕವಂತೆ. 2021ರ ಡಿಸೆಂಬರ್‌ನಲ್ಲಿ ನಿಲ್ಲಿಸಿದಾಗ ಜನ ಕಪ್ಪು ಬಾವುಟ ಹಿಡಿದು ಬಂದಿದ್ದರು. ಗೋವಾ ಪೋರ್ಚುಗೀಸರಿಂದ ಬಿಡುಗಡೆಯಾಗಿ 60 ವರ್ಷ ತುಂಬಿದ ತಿಂಗಳಲ್ಲೇ ಪೋರ್ಚುಗಲ್‌ನ ಆಟಗಾರನ ಪ್ರತಿಮೆಯೇ, ನಮ್ಮ ಬ್ರೂನೊ ಕುಟಿನೊ, ಸಮೀರ್ ನಾಯ್ಕ್ ಕಾಣಲಿಲ್ಲವೇ ಅಂತ ಕೇಳಿದ್ದರು. ನಿಲ್ಲಿಸಿದವರು ಹುಡುಗರಿಗೆ ಸ್ಫೂರ್ತಿ ಬರಲಿ ಅಂತ ಅಂದರು.

ಹುಡುಗರು ಇದ್ದರು. ಸಾಲಾಗಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ನಾನೂ ತೆಗೆಸಿಕೊಂಡೆ, ಸುಳ್ಳು ಯಾಕೆ ಹೇಳಲಿ. ಮಾಮಾ ಪ್ರತಿಮೆಗೆ ಒಂದು ಸುತ್ತು ಹಾಕಿ, ಕಾಲಿನ ಕಡೆ ಬಗ್ಗಿ ನೋಡಿ, 'ಬೂಟು ಚಂದ ಮಾಡ್ಯಾರ' ಅಂದರು. ಅಷ್ಟೇ.

ಅಲ್ಲೇ ಎಳನೀರು ಕುಡಿಯುವಾಗ ಕೇಳಿದೆ. 'ಮಾಮಾ, ನಿನ್ನೆ ಆಟ ಮುಗಿದ ಮೇಲೆ ಅಷ್ಟು ಹೊತ್ತು ಏನು ನೋಡ್ತಿದ್ರಿ?'

'ಕೈ ಕುಲುಕೂದು.'

'ಹೇಗಿತ್ತು?'

'ಗೆದ್ದಾಂವ ಸೋತಾಂವನ ಕೈ ಕುಲುಕೂವಾಗ ಲಗೂನ ಮುಗಿಸಿ ಕುಣಿಯಾಕ ಹೋಗತಾನ. ಅದು ತಪ್ಪಲ್ಲ.' ಸ್ಟ್ರಾ ತೆಗೆದು ಬಿಸಾಡಿ ಕಾಯಿ ಎತ್ತಿ ಕುಡಿದರು. 'ನಿಮ್ಮ ಛೆಟ್ರಿ ಮುಂದ ಸ್ವಲ್ಪ ನಿಂತ್ರು.'

ಇದಕ್ಕಿಂತ ಜಾಸ್ತಿ ಬಾಯಿ ಬಿಡಿಸೋಕೆ ಆಗಲಿಲ್ಲ. ನಾನು ನೋಡಬೇಕಿತ್ತು, ಟವೆಲ್‌ನಲ್ಲಿ ಮುಖ ಮುಚ್ಚಿಕೊಂಡಿದ್ದೆ.

ರಾತ್ರಿ ವಾಸ್ಕೋ ಸ್ಟೇಷನ್. ಅತ್ತಿ ಒಣಮೀನು ಕಟ್ಟಿಕೊಟ್ಟಿದ್ದರು, ಮೂರು ಪದರ ಪೇಪರು, ಎರಡು ಪ್ಲಾಸ್ಟಿಕ್, ಆದರೂ ವಾಸನೆ. ಹೊರಗೆ ಪೈಲಟ್‌ಗಳ ಸಾಲಿನಿಂದ ಒಬ್ಬರು ಹೆಲ್ಮೆಟ್ ತೆಗೆದು ನಮ್ಮ ಕಡೆ ನೋಡಿದರು. ತಲೆ ಪೂರ್ತಿ ಬೆಳ್ಳಗೆ. ಹತ್ತಿರ ಬಂದು, ಮಾಮಾ ಮುಖಕ್ಕಿಂತ ಮೊದಲು ಎಡಗೈ ಹಿಡಿದು ಎತ್ತಿ ಬೆರಳು ನೋಡಿದರು.

'ಅರೇ, ಗದಗ್!'

ಮಾಮಾ ಏನೋ ಅಂದರು ಕೊಂಕಣಿಯಲ್ಲಿ, ಅವರು ಇನ್ನೇನೋ ಅಂದರು. ಎದುರು ತಂಡದ ಫಾರ್ವರ್ಡ್ ಅಂತೆ, ಅವತ್ತು ಪೆನಾಲ್ಟಿ ಹೊಡೆದವರು. ಚೆಂಡು ಗೆರೆ ದಾಟಿತ್ತು ಅಂತ ಅವರು, ದಾಟಿರಲಿಲ್ಲ ಅಂತ ಮಾಮಾ. ಮೂವತ್ತೈದು ವರ್ಷ ಆಗಿರಬಹುದು. ಪ್ಲಾಟ್‌ಫಾರ್ಮ್ ಮೇಲೆ ಅವರು ಹೆಲ್ಮೆಟ್ ಇಟ್ಟು ಇದು ಚೆಂಡು ಅಂದರು, ನೆಲದ ಹಳದಿ ಗೆರೆ ಗೋಲಿನ ಗೆರೆಯಾಯಿತು, ಮಾಮಾ ಮಂಡಿ ಮಡಿಸಿ ಬಗ್ಗಿ ತೋರಿಸಿದರು. ರೈಲು ಸೀಟಿ ಹೊಡೆಯಿತು. ನಾನು ಹತ್ತಿ ಕಿಟಕಿಯಿಂದ ಕೈ ಬೀಸಿದೆ. ಇಬ್ಬರೂ ಹೆಲ್ಮೆಟ್ ಮೇಲೆ ಬಗ್ಗಿಕೊಂಡೇ ಇದ್ದರು.